ವಿಎಸ್ 466: ಒಂದು ದಾಖಲೆಗೆ ವ್ಯಾಖ್ಯಾನ

ಮೂಲ:

ದಿ ಹ್ಯೂಮನ್ ಲೀಗ್
ಡೋಂಟ್ ಯು ವಾಂಟ್ ಮಿ / ಸೆಕೆಂಡ್ಸ್
ವರ್ಜಿನ್, ವಿಎಸ್ 466
7 ಅಂಗುಲ, 45
ಯು.ಕೆ., 1981
ತಟ್ಟೆ ಇಎಕ್ಸ್, ಹೊದಿಕೆ ವಿಜಿ
ಪೋಸ್ಟರ್ ಸಹಿತ
ಮರಳಿ ಕೇಳಿದ್ದು

ಎಂಬತ್ತರ ದಶಕದ ಪಾಪ್ ಗೀತೆಗಳನ್ನು ವಿನೈಲ್ ಸಿಂಗಲ್‌ಗಳಾಗಿ ಕೂಡಿಡುವವರು ಒಂದೊಂದು ತಟ್ಟೆಗೂ ಬರೆದುಕೊಳ್ಳುವ ದಾಖಲೆ ಈ ಬಗೆಯದು. ಸಾಲುಗಳು ಎಂಟು, ಅಕ್ಷರಗಳು ಅಲ್ಪ. ಸೂತ್ರದಂತೆ ಅಡಕವಾದುದರಿಂದ ಪದಪದವನ್ನೂ ಬಿಡಿಸದೆ ಇದರ ಅರ್ಥ ಕೈಗೆ ಸಿಕ್ಕದು. ಇಲ್ಲಿ ಪ್ರತಿಪಾದ್ಯವಾದ ವಿಷಯವನ್ನು ಮೊದಲೇ ಹೇಳಿಡುವುದು ಯುಕ್ತ: ಒಂದು ಹಾಡು ತನ್ನಷ್ಟಕ್ಕೇ ಪೂರ್ಣವಾದ ಕೃತಿ, ಅದನ್ನು ಒಂದಾಗಿಯೇ ಎತ್ತಿಕೊಂಡು ಆದಿಯಿಂದ ಅಂತ್ಯದವರೆಗೆ ಕೇಳತಕ್ಕದ್ದು ಎಂಬುದೇ ಈ ದಾಖಲೆಯ ಅಭಿಪ್ರಾಯ. ಎಂಟು ಸಾಲುಗಳೂ ಈ ಒಂದು ಅರ್ಥದ ಕಡೆಗೇ ನಡೆಯುತ್ತವೆ.

‘ದಿ ಹ್ಯೂಮನ್ ಲೀಗ್’ ಎಂಬುದು ಕರ್ತೃನಿರ್ದೇಶ. ಇಂಗ್ಲೆಂಡಿನ ಉಕ್ಕಿನ ನಗರವಾದ ಶೆಫೀಲ್ಡಿನಲ್ಲಿ 1977ರಲ್ಲಿ ಹುಟ್ಟಿದ ತಂಡವಿದು. ಗಿಟಾರ್, ಡ್ರಮ್ಮುಗಳನ್ನು ಬದಿಗಿಟ್ಟು ಸಿಂಥಸೈಜರ್‌ಗಳಿಂದಲೇ, ಎಂದರೆ ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸುವ ವಾದ್ಯಗಳಿಂದಲೇ, ಸಂಗೀತ ಕಟ್ಟುವುದು ಇವರ ಮಾರ್ಗ. 1980ರಲ್ಲಿ ತಂಡ ಒಡೆಯಿತು. ಮಾರ್ಟಿನ್ ವೇರ್, ಇಯಾನ್ ಕ್ರೇಗ್ ಮಾರ್ಷ್ ಇಬ್ಬರೂ ಹೊರನಡೆದು ಹೆವನ್ 17 ಎಂಬ ಬೇರೆ ತಂಡವನ್ನು ಕಟ್ಟಿದರು. ಉಳಿದವರು ಗಾಯಕ ಫಿಲಿಪ್ ಓಕಿ ಮತ್ತು ಆಡ್ರಿಯನ್ ರೈಟ್. ಓಕಿ ಶೆಫೀಲ್ಡಿನ ಒಂದು ನೃತ್ಯಶಾಲೆಯಲ್ಲಿ ಕಂಡ ಸೂಸನ್ ಆನ್ ಸಲ್ಲಿ, ಜೋಆನ್ ಕ್ಯಾಥರಾಲ್ ಎಂಬ ಇಬ್ಬರು ಶಾಲಾ ಹುಡುಗಿಯರನ್ನು ತಂಡಕ್ಕೆ ಕರೆತಂದ. ಬಳಿಕ ಇಯಾನ್ ಬರ್ಡನ್ ಸೇರಿದ; ರೆಜಿಲೋಸ್ ಎಂಬ ಪಂಕ್ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ ಜೋ ಕ್ಯಾಲಿಸ್ ಗಿಟಾರನ್ನು ಬಿಟ್ಟು ಸಿಂಥಸೈಜರ್ ಹಿಡಿದ. ಹೀಗೆ ಮರಳಿ ಕೂಡಿಕೊಂಡ ತಂಡದ ಹೆಸರು ಇದು. ಹೆಸರು ಹಳೆಯದೇ ಆದರೂ 1981ರ ದಾಖಲೆಯಲ್ಲಿ ಅದು ಸೂಚಿಸುವುದು ಈ ಆರು ಮಂದಿಯನ್ನು ಎಂದು ತಿಳಿಯಬೇಕು.

‘ಡೋಂಟ್ ಯು ವಾಂಟ್ ಮಿ’ ಎಂಬುದು ಎ ಮುಖದ ಹಾಡು. ಎ ಮುಖವೆಂದರೆ ರೇಡಿಯೊದಲ್ಲಿ ಹಾಕಲಿ ಎಂದು, ಅಂಗಡಿಯಲ್ಲಿ ಕೇಳಿ ಕೊಳ್ಳಲಿ ಎಂದು ಕಂಪನಿ ಮುಂದಿಟ್ಟ ಮುಖ. ಈ ಹಾಡು ಇಬ್ಬರ ಸಂವಾದ. ಮೊದಲು ಗಂಡಸು ಹಾಡುತ್ತಾನೆ: ಮದ್ಯಶಾಲೆಯಲ್ಲಿ ಬಡಿಸುತ್ತಿದ್ದವಳನ್ನು ಎತ್ತಿ ನಿಲ್ಲಿಸಿದವನು ತಾನು, ಈಗ ತನ್ನನ್ನು ತೊರೆದರೆ ಅವಳು ಪಶ್ಚಾತ್ತಾಪ ಪಡಬೇಕಾದೀತು ಎಂಬುದು ಅವನ ವಾದ. ಎರಡನೆಯ ಚರಣದಲ್ಲಿ ಸೂಸನ್ ಸಲ್ಲಿಯ ದನಿಯಲ್ಲಿ ಹೆಂಗಸು ಉತ್ತರಿಸುತ್ತಾಳೆ: ಅಲ್ಲಿ ಕೆಲಸ ಮಾಡುತ್ತಿದ್ದುದು ನಿಜ, ಆದರೆ ಅವನಿದ್ದರೂ ಇಲ್ಲದಿದ್ದರೂ ತಾನು ಮೇಲೆ ಬರುವವಳೇ ಆಗಿದ್ದೆ ಎನ್ನುತ್ತಾಳೆ. ಇದು ಪ್ರೇಮಗೀತೆಯೆಂದು ಜನ ಕುಣಿದರೂ, ಗಂಡುಹೆಣ್ಣಿನ ನಡುವಿನ ಅಧಿಕಾರದ ಹಣಾಹಣಿಯೇ ಇದರ ವಸ್ತುವೆಂದು ಓಕಿ ಹೇಳಿದ್ದುಂಟು. ಒಂದೇ ಸಂಗತಿಗೆ ಎರಡು ಸಾಕ್ಷಿಗಳು ನಿಂತಿವೆ. ತೀರ್ಪು ಕೇಳುಗನಿಗೆ ಬಿಟ್ಟದ್ದು. ನಾಲ್ಕು ನಿಮಿಷದೊಳಗೆ ಒಂದು ನಾಟಕ ಹೂಡಿ, ಅದರ ಕೊನೆಯನ್ನು ತೆರೆದೇ ಬಿಟ್ಟದ್ದು ಈ ಹಾಡಿನ ಹೆಚ್ಚುಗಾರಿಕೆ.

ಹಾಡಿನ ನಾದದ ಕಡೆಗೂ ಇಲ್ಲಿಯೇ ಗಮನ ಕೊಡತಕ್ಕದ್ದು. ಬರ್ಕ್‌ಷೈರಿನ ಸ್ಟ್ರೀಟ್ಲಿಯಲ್ಲಿದ್ದ ಜೆನೆಟಿಕ್ ಸ್ಟುಡಿಯೊದಲ್ಲಿ ಮಾರ್ಟಿನ್ ರಶೆಂಟ್ ಇದನ್ನು ನಿರ್ಮಿಸಿದ. ತಾಳ ಹಿಡಿದಿರುವುದು ಲಿನ್ ಎಲ್‌ಎಂ‑1 ಎಂಬ ಡ್ರಮ್ ಯಂತ್ರ. ನಿಜವಾದ ಡ್ರಮ್ಮಿನ ಪೆಟ್ಟುಗಳನ್ನು ಧ್ವನಿಮುದ್ರಿಸಿ, ಅವನ್ನು ಬೇಕಾದ ಕ್ರಮದಲ್ಲಿ ಹೊರಡಿಸುವ ಯಂತ್ರವದು. ಅಮೆರಿಕದ ರೋಜರ್ ಲಿನ್ 1980ರಲ್ಲಿ ಮಾರುಕಟ್ಟೆಗೆ ತಂದದ್ದು. ಇದರ ಫಲವೇನೆಂದರೆ, ಹಾಡಿನ ಆರಂಭದಿಂದ ಅಂತ್ಯದವರೆಗೆ ಲಯ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಸರಿಯದ ಆ ಲಯದ ಮೇಲೆ ಓಕಿಯ ಗಂಭೀರವಾದ ಮಂದ್ರ ದನಿಯೂ, ಸಂಗೀತಶಾಲೆಯ ತರಬೇತಿಯಿಲ್ಲದ ಸಲ್ಲಿಯ ನೇರ ದನಿಯೂ ಬಂದಾಗ ಯಂತ್ರದ ನಿಯಮವೂ ಮನುಷ್ಯರ ಜಗಳವೂ ಒಟ್ಟಿಗೇ ಕೇಳುತ್ತವೆ. ಆ ಕಾಲದ ಪಾಪ್ ಗೀತೆಗಳಿಗೆ ವಿಶಿಷ್ಟವಾದ ರುಚಿ ಹುಟ್ಟಿದ್ದು ಈ ಕೂಟದಿಂದಲೇ.

‘ಸೆಕೆಂಡ್ಸ್’ ಎಂಬುದು ಬಿ ಮುಖದ ಹಾಡು. ನಡುವಿನ ಓರೆಗೆರೆ ತಟ್ಟೆಯನ್ನು ಮಗುಚಬೇಕೆಂಬುದರ ಗುರುತು. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿಯ ಹತ್ಯೆ ಈ ಹಾಡಿನ ವಸ್ತು. ಗುಂಡು ಹಾರಲು ಹಿಡಿದ ಕೆಲವೇ ಕ್ಷಣಗಳನ್ನು ಅದು ಧ್ಯಾನಿಸುತ್ತದೆ. ಒಂದು ಮುಖದಲ್ಲಿ ಇಬ್ಬರ ಖಾಸಗಿ ಕಲಹ, ಇನ್ನೊಂದರಲ್ಲಿ ನಡುಬೀದಿಯಲ್ಲಿ ನಡೆದ ಕೊಲೆ. ಎರಡು ಹಾಡುಗಳೂ ಅದೇ ವರ್ಷದ ‘ಡೇರ್’ ಎಂಬ ಎಲ್‌ಪಿಯಲ್ಲಿ ಇವೆಯಾದರೂ, ಅಲ್ಲಿ ಹತ್ತರ ನಡುವೆ ಎರಡಾಗಿದ್ದವು ಇಲ್ಲಿ ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡಿವೆ. ಬಿ ಮುಖವನ್ನು ಮರೆತವನು ತಟ್ಟೆಯ ಅರ್ಧವನ್ನಷ್ಟೇ ಬಲ್ಲವನು. ಸಂಗ್ರಾಹಕರು ಎರಡು ಹೆಸರುಗಳನ್ನೂ ತಪ್ಪದೆ ಬರೆದಿಡುವ ವಾಡಿಕೆಗೆ ಇದೇ ಕಾರಣ.

‘ವರ್ಜಿನ್’ ಎಂಬುದು ಪ್ರಕಾಶಕ ಕಂಪನಿ. 1973ರಲ್ಲಿ ಮೈಕ್ ಓಲ್ಡ್‌ಫೀಲ್ಡನ ‘ಟ್ಯೂಬುಲರ್ ಬೆಲ್ಸ್’ ಎಂಬ ಎಲ್‌ಪಿಯೊಂದಿಗೆ ಹೊರಬಂದ ಲಂಡನ್ನಿನ ಸಂಸ್ಥೆಯಿದು. ಈ ಪದ ಸುಮ್ಮನೆ ವಿಳಾಸವಾಗಿ ಬಂದದ್ದಲ್ಲ. ಓಕಿಗೆ ಈ ಹಾಡಿನ ಮೇಲೆ ನಂಬಿಕೆ ಇರಲಿಲ್ಲ. ರಶೆಂಟ್ ಮತ್ತು ಕ್ಯಾಲಿಸ್ ಅದನ್ನು ಮೆದುವಾಗಿಸಿದ ಬಗೆ ಅವನಿಗೆ ಹಿಡಿಸದೆ, ‘ಡೇರ್’ನ ಎರಡನೆಯ ಮುಖದ ಕಟ್ಟಕಡೆಗೆ ಅದನ್ನು ಇಡಿಸಿದ್ದ. ಎಲ್‌ಪಿಯಿಂದ ಅಷ್ಟರಲ್ಲೇ ಮೂರು ಸಿಂಗಲ್‌ಗಳು ಬಂದಿದ್ದವು. ನಾಲ್ಕನೆಯದಾಗಿ ಇದೇ ಬರಬೇಕೆಂದು ಪಟ್ಟು ಹಿಡಿದವನು ವರ್ಜಿನ್ನಿನ ಸೈಮನ್ ಡ್ರೇಪರ್. ಹಾಡಿದವನೇ ಹಿಂದಕ್ಕೆ ತಳ್ಳಿದ್ದನ್ನು ಕೇಳಿದವನು ಮುಂದಕ್ಕೆ ತಂದ. ಎಲ್‌ಪಿಯ ಮೂಲೆಯಲ್ಲಿದ್ದ ಹಾಡನ್ನು ಹೊರಗೆಳೆದು ಒಂಟಿಯಾಗಿ ನಿಲ್ಲಿಸಬಲ್ಲ ಶಕ್ತಿ ಸಿಂಗಲ್ ಎಂಬ ರೂಪಕ್ಕೆ ಇದೆ ಎಂಬುದು ಈ ಪದದಿಂದ ಸಿದ್ಧವಾಗುತ್ತದೆ.

‘ವಿಎಸ್ 466’ ಎಂಬುದು ಕ್ಯಾಟಲಾಗ್ ಸಂಖ್ಯೆ. ವಿಎಸ್ ಎಂಬುದು ವರ್ಜಿನ್ನಿನ ಸಿಂಗಲ್‌ಗಳ ಸರಣಿಯ ಗುರುತು; 466 ಅದರಲ್ಲಿ ಈ ತಟ್ಟೆಯ ಸ್ಥಾನ. ಹಾಡಿನ ಹೆಸರು ನೂರು ಕಡೆ ಬರಬಹುದು, ಮರುಮುದ್ರಣ, ಸಂಕಲನ, ಬೇರೆ ದೇಶದ ಪ್ರತಿ ಎಲ್ಲಕ್ಕೂ ಅದೇ ಹೆಸರು. ಈ ವಸ್ತುವನ್ನೇ ಬೆರಳಿಟ್ಟು ತೋರಿಸುವುದು ಸಂಖ್ಯೆಯೊಂದೇ. ತಟ್ಟೆಯನ್ನು ಅಂಚಿನಲ್ಲಿ ಹಿಡಿದು ದೀಪಕ್ಕೆ ಓರೆ ಮಾಡಿದರೆ, ಹಾಡು ಮುಗಿದ ಮೇಲೆ ಲೇಬಲ್ಲಿಗೆ ಮುಂಚೆ ಉಳಿಯುವ ನುಣುಪು ಬಳೆಯಲ್ಲಿ ಸಣ್ಣ ಅಕ್ಷರಗಳು ಕಾಣುತ್ತವೆ. ಅದು ಮೇಟ್ರಿಕ್ಸ್ ಬರಹ. ಯಾವ ತಟ್ಟೆ, ಯಾವ ಮುಖ, ಎಷ್ಟನೆಯ ಕೊರೆತ ಎಂಬುದನ್ನು ಅಚ್ಚಿನ ಮೂಲದಲ್ಲೇ ಗೀಚಿಟ್ಟದ್ದು. ಕೊರೆತಗಾರರು ಅಲ್ಲಿ ತಮ್ಮ ಅಂಕಿತವನ್ನು ಇಡುವುದೂ ಉಂಟು. ಲಂಡನ್ನಿನ ಜಾರ್ಜ್ ಪೆಕಮ್ ತಾನು ಕೊರೆದ ತಟ್ಟೆಗಳಲ್ಲಿ ‘ಪೋರ್ಕಿ’ ಎಂಬ ಅಡ್ಡಹೆಸರನ್ನು ಕೆತ್ತಿ ಪ್ರಸಿದ್ಧನಾದ. ಕ್ಯಾಟಲಾಗ್ ಸಂಖ್ಯೆ ಕಂಪನಿಯ ಮಾತು, ಮೇಟ್ರಿಕ್ಸ್ ಕಾರ್ಯಾಗಾರದ ಮಾತು. ಎರಡೂ ಹೊಂದಿಕೊಂಡಾಗ ಸಂಗ್ರಾಹಕನಿಗೆ ಪಾಠನಿರ್ಣಯ ಆದಂತೆ.

‘7 ಅಂಗುಲ’ ಎಂಬುದು ತಟ್ಟೆಯ ಅಡ್ಡಳತೆ, ಸುಮಾರು ಹದಿನೇಳೂವರೆ ಸೆಂಟಿಮೀಟರ್. ಕನ್ನಡ ಚಿತ್ರಗೀತೆಗಳ ಇಪಿ ತಟ್ಟೆಗಳನ್ನು ಕಂಡವರಿಗೆ ಈ ಗಾತ್ರ ಪರಿಚಿತ. ಆದರೆ ಇಪಿಯಲ್ಲಿ ಮುಖಕ್ಕೆ ಎರಡು ಹಾಡುಗಳನ್ನು ತುಂಬುವುದು ವಾಡಿಕೆ. ಸಿಂಗಲ್ಲಿನಲ್ಲಿ ಮುಖಕ್ಕೆ ಒಂದೇ. ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ 1949ರಲ್ಲಿ ಈ ರೂಪವನ್ನು ಹೊರತಂದಿತು. ಹಿಂದಿನ ವರ್ಷವಷ್ಟೇ ಕೊಲಂಬಿಯಾ ಕಂಪನಿ ಎಲ್‌ಪಿಯನ್ನು ತಂದಿತ್ತು. ಎಲ್‌ಪಿ ದೀರ್ಘಶ್ರವಣಕ್ಕೆ, 7 ಅಂಗುಲ ಒಂದೊಂದೇ ಹಾಡಿಗೆ ಎಂದು ಕಾಲಕ್ರಮದಲ್ಲಿ ಪಾಲಾಯಿತು. ಈ ಚಿಕ್ಕ ಗಾತ್ರದಿಂದ ಎರಡು ಗುಣಗಳು ಬಂದವು. ಬೆಲೆ ಹುಡುಗ ಹುಡುಗಿಯರ ಕೈಖರ್ಚಿಗೆ ಎಟುಕಿತು. ಹಾಡು ನಾಲ್ಕು ನಿಮಿಷದ ಆಸುಪಾಸಿನಲ್ಲಿ ತನ್ನ ಮಾತನ್ನು ಮುಗಿಸಲೇಬೇಕಾಯಿತು. ಛಂದಸ್ಸು ಪದ್ಯವನ್ನು ಬಿಗಿಹಿಡಿಯುವಂತೆ ಈ ಮಿತಿ ಪಾಪ್ ಗೀತೆಯನ್ನು ಬಿಗಿಹಿಡಿಯಿತು. ಎಪ್ಪತ್ತರ ದಶಕದಲ್ಲಿ ನೃತ್ಯಶಾಲೆಗಳಿಗಾಗಿ 12 ಅಂಗುಲದ ಸಿಂಗಲ್ಲೂ ಬಳಕೆಗೆ ಬಂದು, ಹಾಡುಗಳ ದೀರ್ಘರೂಪಗಳು ಹುಟ್ಟಿದವು. 1983ರ ನ್ಯೂ ಆರ್ಡರ್ ತಂಡದ ‘ಬ್ಲೂ ಮಂಡೇ’ ಅದಕ್ಕೆ ಹೆಸರಾಂತ ನಿದರ್ಶನ. ಈ ದಾಖಲೆಯಲ್ಲಿ ‘7’ ಎಂದು ವಿಶೇಷಿಸಿರುವುದು ದೀರ್ಘರೂಪವನ್ನು ವ್ಯಾವರ್ತಿಸಲು, ಎಂದರೆ ಬೇರ್ಪಡಿಸಲು.

‘45’ ಎಂಬುದು ನಿಮಿಷಕ್ಕೆ ತಟ್ಟೆ ತಿರುಗುವ ಸುತ್ತುಗಳ ಲೆಕ್ಕ. ಇದನ್ನು ತಾಂತ್ರಿಕವೆಂದು ದಾಟಿಹೋಗತಕ್ಕದ್ದಲ್ಲ. ಪಂಕ್ತಿಯ ಮರ್ಮ ಇಲ್ಲಿದೆ. ಗ್ರೂವ್ ಎಂದರೆ ತಟ್ಟೆಯ ಮೈಯಲ್ಲಿ ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಸಾಗುವ ಒಂದೇ ಒಂದು ತೋಡು. ಅದರ ಎರಡು ಗೋಡೆಗಳಲ್ಲಿ ಎಡಬಲದ ನಾದಗಳು ಬೇರೆ ಬೇರೆಯಾಗಿ ಕೊರೆದಿರುತ್ತವೆ. ತಟ್ಟೆ ಒಂದೇ ವೇಗದಲ್ಲಿ ತಿರುಗಿದರೂ ಹೊರಸುತ್ತು ದೊಡ್ಡದು, ಒಳಸುತ್ತು ಚಿಕ್ಕದು. ಆದುದರಿಂದ ಮುಳ್ಳಿನ ಕೆಳಗೆ ಹಾಯುವ ತೋಡಿನ ಉದ್ದ ಒಳಕ್ಕೆ ಹೋದಷ್ಟೂ ಕಡಿಮೆಯಾಗುತ್ತದೆ. 7 ಅಂಗುಲದ ತಟ್ಟೆಯ ಹೊರಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ಹಾದುಹೋದರೆ, ಒಳತುದಿಯಲ್ಲಿ ಸುಮಾರು 25 ಸೆಂಟಿಮೀಟರ್. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗುವ ಎಲ್‌ಪಿಯ ಒಳತುದಿಯಲ್ಲಿ ಇದು ಸುಮಾರು 21ಕ್ಕೆ ಇಳಿಯುತ್ತದೆ. ಉದ್ದ ಕಡಿಮೆಯಾದಂತೆ ತಾರಸ್ಥಾಯಿಯ ಸೂಕ್ಷ್ಮಗಳು, ಸಕಾರ ಚಕಾರಗಳ ಸೀಟಿ, ಸಿಂಬಲ್ಲಿನ ಮಿನುಗು ಇಕ್ಕಟ್ಟಿಗೆ ಸಿಕ್ಕಿ ಕೆಡುತ್ತವೆ. ಈಗ ಸ್ಮರಿಸಬೇಕಾದದ್ದೇನೆಂದರೆ, ಈ ಹಾಡು ‘ಡೇರ್’ ಎಲ್‌ಪಿಯಲ್ಲಿ ಇರುವುದು ಎರಡನೆಯ ಮುಖದ ಕಟ್ಟಕಡೆಗೆ, ಎಂದರೆ ಅತ್ಯಂತ ಇಕ್ಕಟ್ಟಾದ ಒಳಸುತ್ತುಗಳಲ್ಲಿ. ಸಿಂಗಲ್ಲಿನಲ್ಲಿ ಅದೇ ಹಾಡಿಗೆ ಒಂದು ಮುಖವೇ ಇಡಿಯಾಗಿ ದೊರೆತು, ಅತಿ ಅಗಲವಾದ ಸುತ್ತಿನಲ್ಲಿ ಅದು ಆರಂಭವಾಗುತ್ತದೆ. ಎಲ್‌ಪಿಯಲ್ಲಿ ಕೊನೆಯ ಜಾಗ ಪಡೆದ ಹಾಡು ಇಲ್ಲಿ ಮೊದಲ ಜಾಗ ಪಡೆದದ್ದು ಗೌರವದ ಮಾತಷ್ಟೇ ಆಗದೆ, ಮಿಲಿಮೀಟರುಗಳಲ್ಲಿ ಅಳೆಯಬಹುದಾದ ವಾಸ್ತವವೂ ಆಗಿದೆ.

‘ಯು.ಕೆ.’ ಎಂಬುದು ತಟ್ಟೆ ಅಚ್ಚಾದ ದೇಶ. ಒಂದೇ ಹಾಡು ದೇಶದಿಂದ ದೇಶಕ್ಕೆ ಬೇರೆ ಕಂಪನಿಯ ಲೇಬಲ್ಲಿನಲ್ಲಿ, ಬೇರೆ ಹೊದಿಕೆಯಲ್ಲಿ ಬರುತ್ತದೆ. ಅಮೆರಿಕದಲ್ಲಿ ಈ ಹಾಡನ್ನು ಹೊರತಂದದ್ದು ಎ ಅಂಡ್ ಎಂ ಕಂಪನಿ. ಅಮೆರಿಕದ ಸಿಂಗಲ್ಲಿಗೆ ನಡುವೆ ಒಂದೂವರೆ ಅಂಗುಲದ ದೊಡ್ಡ ತೂತು. ಬ್ರಿಟನ್ನಿನ ತಟ್ಟೆಗೆ ಸಾಮಾನ್ಯವಾಗಿ ಎಲ್‌ಪಿಯಂತೆಯೇ ಸಣ್ಣ ತೂತು. ಬ್ರಿಟನ್ನಿನ ತಟ್ಟೆಗಳಲ್ಲಿಯೂ ದೊಡ್ಡ ತೂತು ಕಂಡರೆ ಅದು ಜೂಕ್‌ಬಾಕ್ಸಿಗಾಗಿ, ಎಂದರೆ ಕಾಸು ಹಾಕಿದರೆ ಹಾಡು ಹಾಡುವ ಪೆಟ್ಟಿಗೆಗಾಗಿ, ನಡುವನ್ನು ಕತ್ತರಿಸಿದ್ದಿರಬಹುದೆಂದು ಊಹಿಸಬೇಕು. ತಂಡ ಹುಟ್ಟಿದ ದೇಶದ ಅಚ್ಚಿಗೆ ಸಂಗ್ರಾಹಕರು ಮೊದಲ ಮಣೆ ಹಾಕುವುದು ರೂಢಿ. ಹಾಡು ತನ್ನ ಊರಿನ ಜನರ ಕೈ ಸೇರಿದ ರೂಪ ಅದೇ ಆದುದರಿಂದ ಆ ರೂಢಿ ಸಮಂಜಸ.

‘1981’ ಎಂಬುದು ಕಾಲನಿರ್ದೇಶ. ನವೆಂಬರ್ ಕೊನೆಯಲ್ಲಿ ಬಿಡುಗಡೆಯಾದ ಈ ತಟ್ಟೆ ಡಿಸೆಂಬರಿನಲ್ಲಿ ಬ್ರಿಟನ್ನಿನ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿ, ಕ್ರಿಸ್‌ಮಸ್ ವಾರವನ್ನೂ ಒಳಗೊಂಡು ಐದು ವಾರ ಅಲ್ಲಿಯೇ ನಿಂತಿತು. 1982ರ ಜುಲೈಯಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿಯೂ ಮೂರು ವಾರ ಮೊದಲ ಸ್ಥಾನ ಪಡೆಯಿತು. ಬ್ರಿಟನ್ನಿನಲ್ಲಿ ಇದರ ಮಾರಾಟ 15 ಲಕ್ಷವನ್ನು ದಾಟಿತು. ಇಷ್ಟು ಪ್ರತಿಗಳು ಮನೆಮನೆಗೆ ಹೋದುದರಿಂದ ಈ ತಟ್ಟೆ ವಿರಳವಲ್ಲ. ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ: ಎಲ್ಲರ ಮನೆಯಲ್ಲೂ ಇದ್ದುದನ್ನು ಕೂಡಿಡುವುದರಿಂದ ಏನು ಪ್ರಯೋಜನ? ಸಮಾಧಾನ: ವಿರಳವಾದುದನ್ನು ಅರಸುವುದು ಒಂದು ಮಾರ್ಗ, ಜನಪ್ರಿಯವಾದುದನ್ನು ಅರಸುವುದು ಇನ್ನೊಂದು. ಹಿಟ್ ಎನ್ನಿಸಿಕೊಂಡ ಹಾಡು ಒಂದು ಚಳಿಗಾಲದಲ್ಲಿ ಲಕ್ಷಾಂತರ ಜನ ಒಟ್ಟಿಗೇ ಕೇಳಿದ ಹಾಡು. ಆ ಜನಸಮೂಹದ ಶ್ರವಣಕ್ಕೆ ಸಾಕ್ಷಿಯಾದ ವಸ್ತುವನ್ನು ಉಳಿಸುವುದು ವಿರಳ ವಸ್ತುವನ್ನು ಉಳಿಸುವುದಕ್ಕಿಂತ ಕಡಿಮೆಯದಲ್ಲ. ಎಲ್ಲರ ಬಳಿಯೂ ಇದೆ ಎಂದು ಯಾರೂ ಜತನ ಮಾಡದ ವಸ್ತುವೇ ಬೇಗ ಹಾಳಾಗುತ್ತದೆ ಎಂಬುದನ್ನೂ ನೆನೆಯಬೇಕು.

‘ತಟ್ಟೆ ಇಎಕ್ಸ್, ಹೊದಿಕೆ ವಿಜಿ’ ಎಂಬುದು ಸ್ಥಿತಿಯ ನಿರೂಪಣೆ. ಬ್ರಿಟನ್ನಿನ ‘ರೆಕಾರ್ಡ್ ಕಲೆಕ್ಟರ್’ ಪತ್ರಿಕೆ ರೂಢಿಗೆ ತಂದ ದರ್ಜೆಗಳಲ್ಲಿ ಮಿಂಟ್ ಎಂದರೆ ಹೊಚ್ಚಹೊಸದು, ಇಎಕ್ಸ್ ಎಂದರೆ ಉತ್ತಮ, ವಿಜಿ ಎಂದರೆ ತಕ್ಕಮಟ್ಟಿಗೆ ಒಳ್ಳೆಯದು. ಇಎಕ್ಸ್ ತಟ್ಟೆ ನುಡಿದದ್ದರ ಗುರುತು ಮೈಮೇಲೆ ತುಸು ಕಂಡರೂ ನಾದ ಕೆಟ್ಟಿರುವುದಿಲ್ಲ. ವಿಜಿ ಎಂದ ಮೇಲೆ ಬಳಕೆ ಎದ್ದು ಕಾಣುತ್ತದೆ: ಹೊದಿಕೆಯ ಅಂಚು ಸವೆದಿದೆ, ಒಳಗಿನ ತಟ್ಟೆಯ ದುಂಡು ಆಕಾರ ಕಾಗದದ ಮೇಲೆ ಬಳೆಯಂತೆ ಮೂಡಿದೆ, ಮೂಲೆಯೊಂದು ಮಡಿಚಿಕೊಂಡಿದೆ. ಈ ಬಗೆಯ ಸಿಂಗಲ್‌ಗಳು ಬಾಳಿದ್ದು ಹರೆಯದವರ ಕೋಣೆಗಳಲ್ಲಿ, ಕೂಟಗಳಲ್ಲಿ. ಹೊದಿಕೆಯಿಲ್ಲದೆ ಒಂದರ ಮೇಲೊಂದು ಪೇರಿಸಿಟ್ಟ ಸ್ಥಿತಿಯಲ್ಲಿ. ಆದುದರಿಂದ ಪ್ರತಿ ಸಿಗುವುದು ಸುಲಭ, ಚೊಕ್ಕ ಪ್ರತಿ ಸಿಗುವುದು ಕಷ್ಟ. ದರ್ಜೆಯನ್ನು ಹಗಲ ಬೆಳಕಿನಲ್ಲಿ ನೋಡಿ, ಕೇಳಿಯೂ ನಿರ್ಣಯಿಸತಕ್ಕದ್ದು. ಕಣ್ಣಿಗೆ ಹೊಳೆಯುವ ತಟ್ಟೆಯೂ ಸವೆದ ಮುಳ್ಳಿನಿಂದ ನುಡಿದಿದ್ದರೆ ತೋಡಿನ ಗೋಡೆ ಹರಿದು ದನಿ ಒಡೆಯುತ್ತದೆ; ಕೂದಲೆಳೆಯ ಗೀರುಳ್ಳ ತಟ್ಟೆಯೂ ಒಮ್ಮೊಮ್ಮೆ ಶುದ್ಧವಾಗಿ ನುಡಿಯುತ್ತದೆ. ದರ್ಜೆಯನ್ನು ಇದ್ದಂತೆ ಬರೆಯುವುದು ಸಂಗ್ರಾಹಕನ ಸತ್ಯನಿಷ್ಠೆ. ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡುವುದು ಆ ನಿಷ್ಠೆಯದೇ ಮುಂದುವರಿಕೆ. ಮಲಗಿಸಿ ಹೇರಿದರೆ, ಕಾವು ತಗುಲಿದರೆ ವಿನೈಲ್ ಡೊಂಕಾಗುತ್ತದೆ.

‘ಪೋಸ್ಟರ್ ಸಹಿತ’ ಎಂಬುದು ಅನುಬಂಧದ ಉಲ್ಲೇಖ. ಈ ಸಿಂಗಲ್ ಬರಲು ಓಕಿ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಜೊತೆಗೆ ದೊಡ್ಡದೊಂದು ಬಣ್ಣದ ಪೋಸ್ಟರ್ ಕೊಡಬೇಕು, ಏಕೆಂದರೆ ಬರಿಯ ಈ ಹಾಡಿಗೆ ಹಣ ತೆತ್ತವರು ಮೋಸಹೋದೆವೆಂದುಕೊಂಡಾರು ಎಂಬ ಅಳುಕು ಅವನಿಗೆ. ಕೊಂಡವರು ಪೋಸ್ಟರನ್ನು ಗೋಡೆಗೆ ಅಂಟಿಸಿದರು; ಆದಕಾರಣ ಇಂದು ತಟ್ಟೆ ಸಿಕ್ಕಿದ ಕಡೆಯೆಲ್ಲ ಅದು ಜೊತೆಗಿರುವುದಿಲ್ಲ. ಹಾಡಿನ ಕೊರತೆ ತುಂಬಲೆಂದು ಬಂದ ಕಾಗದ ಹರಿದುಹೋಯಿತು, ಕೊರತೆಯುಳ್ಳದ್ದೆಂದು ಬಗೆದ ಹಾಡು ಉಳಿಯಿತು. ಕೃತಿಯ ಬೆಲೆಯನ್ನು ಕರ್ತೃವೊಬ್ಬನೇ ನಿರ್ಣಯಿಸಲಾರ, ಕೇಳುವವರೂ ಅದರಲ್ಲಿ ಪಾಲುದಾರರು ಎಂಬ ಪಾಠ ಈ ಎರಡು ಪದಗಳಲ್ಲಿದೆ.

‘ಮರಳಿ ಕೇಳಿದ್ದು’ ಎಂಬುದು ಕೊನೆಯ ಸಾಲು. ಇಲ್ಲಿ ಮತ್ತೊಂದು ಶಂಕೆ: ಅದೇ ಹಾಡು ಫೋನಿನಲ್ಲಿ ಕ್ಷಣಮಾತ್ರದಲ್ಲಿ ದೊರೆಯುವಾಗ ತಟ್ಟೆ ತೆಗೆದು, ಧೂಳು ಒರೆಸಿ, ಮುಳ್ಳು ಇಳಿಸಿ ಕೇಳುವುದೇಕೆ? ತಟ್ಟೆಯಿಲ್ಲದೆಯೂ ಈ ಹಾಡು ಮರಳಿ ಬಂದದ್ದುಂಟು. 2014ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಫುಟ್‌ಬಾಲ್ ತಂಡದ ಅಭಿಮಾನಿಗಳು ಇದರ ಧಾಟಿಯಲ್ಲಿ ತಮ್ಮ ಆಟಗಾರನನ್ನು ಹಾಡಿ ಹೊಗಳಿ, ಡೌನ್‌ಲೋಡ್ ಮಾಡಿಕೊಂಡು, ಹಾಡನ್ನು ಮತ್ತೆ ಮಾರಾಟದ ಪಟ್ಟಿಗೆ ಏರಿಸಿದರು. ಸಮಾಧಾನ: ಹಾಡು ಎಲ್ಲಿ ಕೇಳಿದರೂ ಹಾಡೇ, ಅದರಲ್ಲಿ ವಿವಾದವಿಲ್ಲ. ಆದರೆ ಸಿಂಗಲ್ ಕೇಳುವವನಿಂದ ಒಂದು ನಿಯಮವನ್ನು ಬೇಡುತ್ತದೆ. ಹಾಡನ್ನು ಆರಿಸಿ ಎತ್ತಿಕೊಳ್ಳಬೇಕು; ಸುಮಾರು 180 ಸುತ್ತುಗಳಲ್ಲಿ ಅದು ಮುಗಿಯುವವರೆಗೆ ಹತ್ತಿರವೇ ಇರಬೇಕು; ಮುಗಿದ ಮೇಲೆ ಇನ್ನೊಂದು ಹಾಡು ತಾನಾಗಿ ಬಾರದು, ಎದ್ದು ಹೋಗಿ ಮುಳ್ಳನ್ನು ಎತ್ತಬೇಕು, ಮಗುಚಬೇಕು. ಹೀಗೆ ಕೇಳಿದಾಗ ಹಿಂದೆ ಹಿನ್ನೆಲೆಯಾಗಿ ಕಿವಿಗೆ ಬಿದ್ದ ಹಾಡು ಮುನ್ನೆಲೆಗೆ ಬರುತ್ತದೆ. ಹದಿನಾರರಲ್ಲಿ ಗಂಡಸಿನ ಪಲ್ಲವಿಯನ್ನಷ್ಟೇ ಗುನುಗಿದವರು ನಲವತ್ತು ವರ್ಷದ ಮೇಲೆ ಎರಡನೆಯ ಚರಣದ ಹೆಂಗಸಿನ ಉತ್ತರವನ್ನು ಮೊದಲ ಸಲವೆಂಬಂತೆ ಕೇಳುತ್ತಾರೆ. ಎತ್ತಿ ನಿಲ್ಲಿಸಿದೆನೆಂಬವನ ಮಾತಿನೊಳಗಿನ ಬೆದರಿಕೆ ಆಗ ಸ್ಪಷ್ಟವಾಗುತ್ತದೆ. ಮರಳಿ ಕೇಳುವುದರ ಪ್ರಯೋಜನ ಹಳೆಯ ದಿನಗಳ ನೆನಪಿಗೆ ಮುಗಿಯುವುದಿಲ್ಲ. ಅಂದು ತಪ್ಪಿಹೋದ ಅರ್ಥ ಇಂದು ದಕ್ಕುವುದೇ ಅದರ ಮುಖ್ಯ ಫಲ.

ಇನ್ನು ಒಟ್ಟು ಅನ್ವಯ. ಯಾರು ಹಾಡಿದರು, ಏನನ್ನು ಹಾಡಿದರು, ಯಾರು ಅದನ್ನು ಮುಂದಿಟ್ಟರು, ಯಾವ ಗಾತ್ರ ವೇಗಗಳಲ್ಲಿ ಅದು ನುಡಿಯುತ್ತದೆ, ಎಲ್ಲಿ ಯಾವಾಗ ಅದು ಜನರನ್ನು ಮುಟ್ಟಿತು, ಈ ಪ್ರತಿ ಎಷ್ಟು ಬಾಳಿದೆ, ಅದರೊಂದಿಗೆ ಏನು ಬಂದಿತ್ತು ಎಂಬ ಏಳು ಸಾಲುಗಳು ಎಂಟನೆಯದಕ್ಕೆ ಸಿದ್ಧತೆ. ಆ ಎಂಟನೆಯದಿಲ್ಲದ ದಾಖಲೆ ಬರಿಯ ಸರಕಿನ ಪಟ್ಟಿ. ಆದುದರಿಂದ ಇಂಥ ತಟ್ಟೆಗಳನ್ನು ಕೂಡಿಡುವವರು ಹೊಸದೊಂದನ್ನು ತಂದ ದಿನವೇ ಎರಡೂ ಮುಖಗಳನ್ನು ಪೂರ್ತಿ ಕೇಳಿ, ಆಮೇಲೆಯೇ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳತಕ್ಕದ್ದು. ಕೇಳದೆ ಬರೆದ ತಟ್ಟೆ ಮನೆಯಲ್ಲಿದ್ದರೂ ಸಂಗ್ರಹಕ್ಕೆ ಸೇರಿದ್ದಲ್ಲ.